ಮಾವನವರ ಟೇಬಲ್ಲೂ ಸ್ಥಿರ ಘರ್ಷಣೆಯೂ

ಸರಿಸಲು ಹೋದರೆ ಟೇಬಲ್ಲಿನ ಕಾಲು ಮುರಿಯಬಹುದಿತ್ತು. ಕಾಲು ಗಟ್ಟಿಯಾಗಿಯೇ ಉಳಿದರೂ ಕಾಲಿಗೂ ಹಲಗೆಗೂ ನಡುವೆ ಬಡಿದ ಬೆಣೆಗಳು ಸಡಿಲಗೊಂಡು ಇಡೀ ಟೇಬಲ್ಲು ಮಂಡಿಯೂರಬಹುದಿತ್ತು. ಅದೂ ಆಗದಿದ್ದರೆ ಹಿಂದಿನ ಕೋಣೆಯ ನೆಲಕ್ಕೆ ಹಾಸಿದ ಕಡಪ ಕಲ್ಲು ಬಿರುಕು ಬಿಡಬಹುದಿತ್ತು. ಕಲ್ಲು ತಾಳಿಕೊಂಡರೆ ಮುಂದಿನ ಕೋಣೆಯ ಹೊಸ ಟೈಲ್ಸು, ಯಾವುದರ ಹೊಳಪಿಗೆ ನಾವೇ ಇನ್ನೂ ಹೊಂದಿಕೊಂಡಿರಲಿಲ್ಲವೋ ಆ ಟೈಲ್ಸು, ಉದ್ದಕ್ಕೂ ಗೀರಿಸಿಕೊಂಡು ನಾವು ಬದುಕಿರುವಷ್ಟು ಕಾಲ ನಮ್ಮನ್ನು ನೋಡಿ ಹಲ್ಲು ಕಿರಿಯಬಹುದಿತ್ತು. ನನ್ನ ಸೊಂಟ ಹಿಡಿದುಕೊಳ್ಳಬಹುದಿತ್ತು. ನನ್ನ ಸೊಂಟ ಹೋಗಲಿ, ಅದು ಹೇಗೂ ಆಗಾಗ ಹಿಡಿಯುವಂಥದ್ದೇ, ಗುಮ್ಮಘಟ್ಟದಿಂದ ಷೇರ್ ಆಟೋದಲ್ಲಿ ಬರುವ ನನ್ನ ಭಾವಮೈದುನ ಪಂಪಾಪತಿಯ ಸೊಂಟ ಹಿಡಿದರೆ ಅವನ ಕುರಿಗಳನ್ನು ಮೇಯಿಸುವವರು ಯಾರು? ನಮ್ಮಲ್ಲಿ ಹೊಲಿಗೆಗೆ ಬರುವ ಹುಲಿಗೆಮ್ಮನ ಕಾಲ್ಬೆರಳು ಟೇಬಲ್ಲಿನಡಿ ಸಿಕ್ಕಬಹುದಿತ್ತು. ವರ್ಷಗಟ್ಟಲೆ ಕದಲದ ಆ ಟೇಬಲ್ಲಿನ ಕೆಳಗೆ ಸಂಸಾರ ಹೂಡಿರಬಹುದಾದ ಚೇಳೊಂದು ತನ್ನ ಮನೆ ಕಿತ್ತದ್ದಕ್ಕೆ ಸಿಟ್ಟಾಗಿ ಹೊರಬರಬಹುದಿತ್ತು. ಟೇಬಲ್ಲು ಎರಡು ಕೋಣೆಗಳ ನಡುವೆ ಅಡ್ಡಡ್ಡ ಸಿಕ್ಕಿಕೊಂಡು, ಅಡುಗೆಮನೆ ಆಚೆಗೂ ನಾವು ಈಚೆಗೂ ಉಳಿದು, ಬಡಗಿ ಬರುವವರೆಗೆ ಅಕ್ಕಪಕ್ಕದವರು ಕಿಟಕಿಯಿಂದ ನಮಗೆ ಅನ್ನ ಕೊಡಬೇಕಾಗಿ ಬರಬಹುದಿತ್ತು.

ಇವಿಷ್ಟನ್ನೂ ನಾನು ಬಾಯಿಬಿಟ್ಟು ಹೇಳಿದೆ. ಒಂದನ್ನು ಮಾತ್ರ ಹೇಳಲಿಲ್ಲ. ಟೇಬಲ್ಲು ಸುಖವಾಗಿ ಕಿಟಕಿಯ ಬಳಿ ತಲುಪಿ, ಅದರ ಮುಂದೆ ನಿಂತ ನನ್ನ ಹೆಂಡತಿ ಗಿರಿಜೆಯ ಕೈ, ಆಕೆ ನಂಬಿದ ಹಾಗೆ ಬಟ್ಟೆ ಕತ್ತರಿಸಲಾರದೆ ಹೋದರೆ?

ಇಷ್ಟು ಓದಿದ ಮೇಲೆ ನನ್ನ ಸ್ವಭಾವದ ಬಗ್ಗೆ ಬೇರೆ ಪರಿಚಯ ಬೇಡವೆನ್ನಿಸುತ್ತದೆ. ಆದರೂ ಹೇಳುತ್ತೇನೆ. ನನ್ನದು ಮಡಕಶಿರಾ, ಹೆಣ್ಣು ಕೊಟ್ಟದ್ದು ರಾಯದುರ್ಗ, ಎರಡೂ ತೆಲುಗು ಸೀಮೆಗೆ ಸೇರಿದ ಗಡಿಯೂರುಗಳು. ರಾಯದುರ್ಗದ ಮಾವನವರ ಮನೆಯಲ್ಲೇ ಇದ್ದುಕೊಂಡು ಇಲ್ಲಿಯ ಹೈಸ್ಕೂಲೊಂದರಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಭೌತಶಾಸ್ತ್ರ ಕಲಿಸುತ್ತೇನೆ. ಬಸ್ಸು ಹತ್ತುವ ಮುನ್ನ ಅದರ ನಾಲ್ಕೂ ಟೈರುಗಳನ್ನು ಕಣ್ಣಲ್ಲೇ ಒತ್ತಿ ನೋಡುವವನು, ಗ್ಯಾಸ್ ಆರಿಸಿದೆಯೇ ಎಂದು ಬೀದಿಯ ತಿರುವಿನಿಂದ ಹಿಂದಿರುಗುವವನು, ಹಿಂದಿರುಗಿ ನೋಡಿದ ಮೇಲೆ ನೋಡುವಾಗ ಕೈ ತಾಕಿ ಮತ್ತೆ ತಿರುಗಿತೇನೋ ಎಂದು ಇನ್ನೊಮ್ಮೆ ಹೋಗುವವನು. ನಮ್ಮಮ್ಮ ಇದಕ್ಕೆ ‘ಒಳ್ಳೆ ಜವಾಬ್ದಾರಿ’ ಎಂದು ಹೆಸರಿಟ್ಟಿದ್ದಳು. ಗಿರಿಜೆ ಇಟ್ಟ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಟೇಬಲ್ಲಿನ ವಿಷಯ. ಅದು ನನ್ನ ಮಾವನವರದು. ಅವರು ಈ ಊರಿನ ಜೀನ್ಸ್ ಕೆಲಸ ಇನ್ನೂ ಇಷ್ಟೊಂದು ಬೀದಿಗಳಿಗೆ ಹಬ್ಬದಿದ್ದ ಕಾಲದ ಕಟಿಂಗ್ ಮಾಸ್ಟರ್. ಇಡೀ ಬಟ್ಟೆಯ ಸುರುಳಿಯನ್ನು, ಅಂದರೆ ಥಾನನ್ನು, ಬಿಚ್ಚಿ, ಹಾಸಿ, ಬಿಳಿ ಚಾಕ್‌ನಿಂದ ಗೆರೆ ಎಳೆದು, ಕಾಲು, ಸೊಂಟಪಟ್ಟಿ, ಜೇಬುಗಳೆಂದು ಬಟ್ಟೆಯನ್ನು ಬಿಡಿಬಿಡಿಯಾಗಿ ಕತ್ತರಿಸುವವರು ಈ ಮಾಸ್ಟರುಗಳು; ಆ ಬಿಡಿಗಳನ್ನು ಬಂಡಲ್ ಕಟ್ಟಿ ಮನೆಮನೆಗೆ ಹಂಚಿದ ಮೇಲೆ ಕೂಡಿಸಿ ಹೊಲಿಯುವವರು ಬೇರೆ. ಮಾವನವರು ತಮಗಾಗಿ ಬೇವಿನ ದಪ್ಪ ಹಲಗೆಗಳಿಂದ ಮಾಡಿಸಿಕೊಂಡ ಟೇಬಲ್ಲು ಅದು. ಒಬ್ಬ ಮನುಷ್ಯ ಅದರ ಮೇಲೆ ಕೈಕಾಲು ಚಾಚಿ ಮಲಗಿ, ಪಕ್ಕದಲ್ಲಿ ಇನ್ನೊಬ್ಬನನ್ನು ಮಲಗಿಸಿಕೊಳ್ಳಬಹುದು. ಅವರು ಇರುವಾಗ ಹಿಂದಿನ ಕೋಣೆಯಲ್ಲಿ ಬೆಳಕಿತ್ತು. ಆಮೇಲೆ ಹಿತ್ತಲಿನಾಚೆಯವರು ಮಹಡಿ ಎಬ್ಬಿಸಿದರು, ಕಿಟಕಿಗೆ ಗೋಡೆ ಬಂತು, ಮಾವನವರೂ ಹೋದರು. ಕತ್ತಲೆಯ ಕೋಣೆಯಲ್ಲಿ ಟೇಬಲ್ಲು ಬಂಡಲ್ಲುಗಳನ್ನು ಹೊತ್ತುಕೊಂಡು ಒಂದು ದೊಡ್ಡ ದನದ ಹಾಗೆ ನಿಂತುಬಿಟ್ಟಿತು.

ಗಿರಿಜೆ ಅಪ್ಪನ ಪಕ್ಕದಲ್ಲಿ ನಿಂತು ಗೆರೆ ಎಳೆಯುವುದನ್ನೂ ಕತ್ತರಿಸುವುದನ್ನೂ ಕಲಿತವಳು. ಆದರೆ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್‌ಗಳನ್ನು ಹಾಕಿಕೊಂಡ ಮೇಲೆ ಬೇರೆಯವರು ಕತ್ತರಿಸಿ ಕಳಿಸಿದ್ದನ್ನು ಹೊಲಿಯುವುದಷ್ಟೇ ಅವಳ ಪಾಲಿಗೆ ಬಂತು. ಕಡುನೀಲಿ ಬಟ್ಟೆಯ ಮೇಲಿನ ಗೆರೆ ಟ್ಯೂಬ್‌ಲೈಟಿನಲ್ಲಿ ಕಾಣುವುದಿಲ್ಲ, ಕೈಯ ನೆರಳೇ ಗೆರೆಯನ್ನು ನುಂಗುತ್ತದೆ. ಟೇಬಲ್ಲನ್ನು ಮುಂದಿನ ಕೋಣೆಯ ದೊಡ್ಡ ಕಿಟಕಿಗೆ ತಂದರೆ ನಾನೇ ಕತ್ತರಿಸಿಯೇನು ಎಂಬುದು ಅವಳ ಬಹುಕಾಲದ ಮಾತು.

ಈಗ ಸ್ವಲ್ಪ ಪಾಠ ಮಾಡುತ್ತೇನೆ, ಸಹಿಸಿಕೊಳ್ಳಿ. ಮೇಷ್ಟರ ಸ್ನೇಹ ಮಾಡಿದವರಿಗೆ ಇದು ತಪ್ಪದು. ನೆಲದ ಮೇಲೆ ಸುಮ್ಮನಿರುವ ಟೇಬಲ್ಲಿಗೂ ನೆಲಕ್ಕೂ ನಡುವೆ ಯಾವ ಜಗಳವೂ ಇರುವುದಿಲ್ಲ. ನೀವು ಮೆಲ್ಲಗೆ ಒಂದು ಬೆರಳಿನಿಂದ ತಳ್ಳಿ, ನೆಲ ಅಷ್ಟೇ ಮೆಲ್ಲಗೆ ತಡೆಯುತ್ತದೆ. ಅಂಗೈಯಿಂದ ತಳ್ಳಿ, ತಡೆಯೂ ಅಂಗೈಯಷ್ಟಾಗುತ್ತದೆ. ಭುಜ ಕೊಟ್ಟು ತಳ್ಳಿದರೆ ಭುಜದಷ್ಟು. ನೀವು ಎಷ್ಟು ತಂದಿರೋ ಅಷ್ಟನ್ನೇ, ಒಂದು ಗುಂಜಿ ಹೆಚ್ಚಿಲ್ಲ ಒಂದು ಗುಂಜಿ ಕಡಿಮೆಯಿಲ್ಲ, ನಿಮ್ಮೆದುರಿಗೆ ನಿಲ್ಲಿಸುವ ಈ ಮರ್ಯಾದಸ್ಥ ವಿರೋಧಕ್ಕೆ ನಾವು ಸ್ಥಿರ ಘರ್ಷಣೆ ಎನ್ನುತ್ತೇವೆ. ಅದಕ್ಕೊಂದು ಮಿತಿಯಿದೆ. ಟೇಬಲ್ಲಿನ ತೂಕ ಎಷ್ಟು, ಒಂದನ್ನೊಂದು ಮುಟ್ಟಿಕೊಂಡ ಮೈಗಳು ಎಷ್ಟು ಒರಟು ಎಂಬುದರ ಮೇಲೆ ಆ ಮಿತಿ ನಿಲ್ಲುತ್ತದೆ. ನಿಮ್ಮ ಬಲ ಅದನ್ನು ಒಂದು ಎಳೆ ದಾಟಿದ ಕ್ಷಣ ಟೇಬಲ್ಲು ಹೊರಡುತ್ತದೆ; ಹೊರಟ ಮೇಲೆ ತಡೆಯುವುದು ಚಲನ ಘರ್ಷಣೆ, ಅದು ಮೊದಲಿನದಕ್ಕಿಂತ ಕಡಿಮೆ. ಹೊರಡಿಸುವುದು ಕಷ್ಟ, ಹೊರಟದ್ದನ್ನು ನಡೆಸುವುದು ಅಷ್ಟು ಕಷ್ಟವಲ್ಲ. ಇಷ್ಟೇ ಪಾಠ. ಪ್ರತಿವರ್ಷ ಕಪ್ಪುಹಲಗೆಯ ಮೇಲೆ ಒಂದು ಚೌಕ ಬರೆದು, ಅದಕ್ಕೆ ಎರಡು ಬಾಣ ಹಾಕಿ, ಇದನ್ನು ಹೇಳುತ್ತ ಬಂದಿದ್ದೇನೆ.

ಆ ಚೌಕ ನಾನೇ ಎಂಬುದು ಮಾತ್ರ ಬಹಳ ತಡವಾಗಿ ಹೊಳೆಯಿತು. ಗಿರಿಜೆ ಒಮ್ಮೆ ಊಟ ಬಡಿಸುತ್ತ, ಟೇಬಲ್ಲು ಸರಿಸಿದರೆ ಚಲೋ ಇತ್ತೇನೋ ಎಂದು ಬೆರಳಿನಷ್ಟು ತಳ್ಳಿದರೆ, ಬೇಸಿಗೆ ಕಳೆಯಲಿ ಎಂದು ನಾನು ಬೆರಳಿನಷ್ಟೇ ತಡೆಯುತ್ತಿದ್ದೆ. ಮಳೆಗಾಲದಲ್ಲಿ ಅವಳು ಅಂಗೈ ಹಚ್ಚಿದರೆ, ತೇವಕ್ಕೆ ಮರ ಉಬ್ಬಿರುತ್ತದೆ ಎಂಬ ಅಂಗೈಯಗಲದ ಕಾರಣ ಸಿದ್ಧವಾಗುತ್ತಿತ್ತು. ಅವಳು ಭುಜ ಕೊಟ್ಟ ವರ್ಷ ಟೈಲ್ಸ್ ಹಾಕಿಸುವುದಿತ್ತು. ಹಾಕಿಸಿದ ವರ್ಷ ಟೈಲ್ಸ್ ಹೊಸದಿತ್ತು. ನನಗೆ ವಿರೋಧವೇನೂ ಇರಲಿಲ್ಲ, ನೆಲಕ್ಕೂ ಟೇಬಲ್ಲಿನ ಮೇಲೆ ದ್ವೇಷ ಇರುವುದಿಲ್ಲವಲ್ಲ ಹಾಗೆ. “ನಿಮ್ಮ ಪಾಠದಾಗ ಎಲ್ಲಾ ಸರೀತೈತ್ರಿ, ಮನ್ಯಾಗ ಮಾತ್ರ ಒಂದೂ ಸರಿಯಂಗಿಲ್ಲ” ಎಂದು ಒಂದು ದಿನ ಅಂದಳು. ನಾನದನ್ನು ನನ್ನ ಪಾಠದ ಮೆಚ್ಚುಗೆಯೆಂದು ತೆಗೆದುಕೊಂಡೆ.

ಮಿತಿ ದಾಟಿದ್ದು ಹೀಗೆ. ನಮ್ಮ ಓಣಿಗೆಲ್ಲ ಬಟ್ಟೆ ಕತ್ತರಿಸಿ ಕೊಡುತ್ತಿದ್ದ ಮಾಸ್ಟರು ವಯಸ್ಸಾಯಿತೆಂದು ಕೆಲಸ ಬಿಟ್ಟು ಮಗಳ ಮನೆಗೆ, ಅದೂ ನಮ್ಮ ಮಡಕಶಿರಾಕ್ಕೆ, ಹೊರಟರು. ಬಟ್ಟೆ ಕೊಡುವ ವ್ಯಾಪಾರಿ ಗಿರಿಜೆಯನ್ನು ಕರೆದು, ಇನ್ನು ಕತ್ತರಿಸಿ ಕಳಿಸುವವರಿಲ್ಲ, ಥಾನನ್ನೇ ಕಳಿಸಿದರೆ ನೀವೇ ಕತ್ತರಿಸಿಕೊಳ್ಳುತ್ತೀರಾ, ಇಲ್ಲವಾದರೆ ಕೆಲಸ ಬಳ್ಳಾರಿಯ ಕಡೆಗೆ ಹೋಗುತ್ತದೆ ಎಂದರಂತೆ. ಕೆಲಸ ಹೋದರೆ ಹುಲಿಗೆಮ್ಮನದೂ ಹೋಯಿತು, ಜೊತೆಗೆ ಹೊಲಿಯುವ ಹೆಂಗಸರದೂ ಹೋಯಿತು. ಸಂಜೆ ಮನೆಗೆ ಬಂದ ಗಿರಿಜೆ ಚಪ್ಪಲಿ ಬಿಡುವ ಮೊದಲೇ ಹೇಳಿದಳು:

“ಹ್ಞೂಂ ಅಂದು ಬಂದೀನ್ರಿ. ಸೋಮವಾರ ಥಾನು ಬರ್ತಾವ. ಭಾನುವಾರ ಟೇಬಲ್ಲು ಸರಿಸೋಣು.”

ನಾನು ಮೊದಲಿನ ಪಟ್ಟಿಯನ್ನೆಲ್ಲ ಒಪ್ಪಿಸಿದೆ. ಚೇಳಿನವರೆಗೂ ಆಕೆ ಅಡ್ಡಿಯಿಲ್ಲದೆ ಕೇಳಿದಳು. ಅನಂತರ ಒಳಗೆ ಹೋಗಿ ತಮ್ಮನಿಗೆ ಫೋನು ಮಾಡಿದಳು. ಮಿತಿ ದಾಟುವುದೆಂದರೆ ಏನು ಸದ್ದಾಗುತ್ತದೆಯೋ ಎಂದುಕೊಂಡಿದ್ದೆ, ಏನೂ ಆಗಲಿಲ್ಲ.

ಭಾನುವಾರ ಬೆಳಗ್ಗೆ ಪಂಪಾಪತಿ ಬಂದ, ಹುಲಿಗೆಮ್ಮ ಬಂದಳು. ಎತ್ತಿ ಒಯ್ಯುವ ಮಾತೇ ಇರಲಿಲ್ಲ, ಅದಕ್ಕೆ ಈ ಓಣಿಯ ಗಂಡಸರೆಲ್ಲ ಬೇಕು, ಗಂಡಸರೆಲ್ಲ ಬಂದರೆ ಸಲಹೆಗಳೂ ಬರುತ್ತವೆ. ಎರಡು ಕೋಣೆಗಳ ನಡುವೆ ಹೊಸ್ತಿಲಿಲ್ಲ, ಗೋಡೆ ಒಡೆದು ಮಾಡಿದ ಅಗಲವಾದ ದಾರಿ. ಆದ್ದರಿಂದ ಜಾರಿಸಿಕೊಂಡೇ ಹೋಗುವುದೆಂದಾಯಿತು. ಬಂಡಲ್ಲುಗಳನ್ನು ಇಳಿಸಿದೆವು. ತೂಕ ಇಳಿದರೆ ಘರ್ಷಣೆಯೂ ಇಳಿಯುತ್ತದೆ ಎಂದು ನಾನು ವಿವರಿಸಿದಾಗ, ಒಂದು ಬಂಡಲ್ ಹೊತ್ತುಕೊಂಡೇ ವಿವರಿಸಿದರೆ ಇನ್ನೂ ಬೇಗ ಇಳಿಯುತ್ತದೆ ಎಂಬ ಅಭಿಪ್ರಾಯ ಹುಲಿಗೆಮ್ಮನ ಕಡೆಯಿಂದ ಬಂತು.

ಕಾಲುಗಳ ಕೆಳಗೆ ಏನಾದರೂ ಇಡಬೇಕಲ್ಲ. ರಾಯದುರ್ಗದವರನ್ನು ಈ ಪ್ರಶ್ನೆ ಕೇಳಬಾರದು. ಈ ಊರಿನಲ್ಲಿ ಯಾವುದೇ ಸಮಸ್ಯೆಗೂ ಮೊದಲು ಜೀನ್ಸ್ ಚಿಂದಿಯನ್ನು ಪ್ರಯೋಗಿಸಿ ನೋಡುತ್ತಾರೆ. ಸೋರುವ ನಲ್ಲಿಗೆ ಅದೇ, ಬಿಸಿ ಪಾತ್ರೆ ಹಿಡಿಯಲು ಅದೇ, ಬಡಿದುಕೊಳ್ಳುವ ಬಾಗಿಲಿಗೆ ಅದೇ, ದಿಂಬಿಗೆ ಅದೇ, ಸ್ಕೂಟರಿನ ಹರಿದ ಸೀಟಿಗೂ ಅದೇ. ನಾಲ್ವರೂ ಒಂದೇ ಬಾರಿಗೆ ಚಿಂದಿಯ ಮೂಟೆಯ ಕಡೆ ನೋಡಿದೆವು. ಪಂಪಾಪತಿ ಭುಜ ಕೊಟ್ಟು ಒಂದೊಂದೇ ಮೂಲೆಯನ್ನು ಎತ್ತಿ ಹಿಡಿದ, ಗಿರಿಜೆ ನಾಲ್ಕು ಮಡಿಕೆಯ ದಪ್ಪ ಚಿಂದಿಯನ್ನು ಕಾಲಿನ ಕೆಳಗೆ ನೂಕಿದಳು. ದಪ್ಪನೆಯ ಮೆತ್ತೆ, ಜಾರದೆ ಎಲ್ಲಿಗೆ ಹೋದೀತು ಎಂದು ನನಗೂ ಅನ್ನಿಸಿತ್ತು. ಭೌತಶಾಸ್ತ್ರ ಓದಿದವನೂ ಈ ಊರಿನ ಅನ್ನ ಉಂಡವನೇ ತಾನೇ.

ತಳ್ಳಿದೆವು. ಟೇಬಲ್ಲು ತನ್ನ ಕೆಳಗೆ ಹಾಸಿಗೆ ಹಾಸಿಕೊಟ್ಟದ್ದಕ್ಕೆ ಇನ್ನಷ್ಟು ಗಟ್ಟಿಯಾಗಿ ಕೂತಿತು. ಜೀನ್ಸಿನ ಒರಟು ನೇಯ್ಗೆಯೂ ಕಡಪ ಕಲ್ಲಿನ ಒರಟು ಮೈಯೂ ಹಳೆಯ ನೆಂಟರ ಹಾಗೆ ಒಂದನ್ನೊಂದು ತಬ್ಬಿಕೊಂಡವು. ನಾವು ಇನ್ನೂ ತಳ್ಳಿದೆವು, ಅದು ಇನ್ನೂ ತಡೆಯಿತು. ನನ್ನ ಪಾಠ ಅಕ್ಷರಶಃ ನಿಜವಾಗುತ್ತಿದ್ದುದರಲ್ಲಿ ಒಂದು ಬಗೆಯ ಸಂತೋಷವೂ ಇತ್ತೆಂದು ಹೇಳಿಬಿಡುತ್ತೇನೆ.

“ಸಾರ್, ತಳ್ಳಾಕ ಹತ್ತೀರೋ, ಒರಗಾಕ ಹತ್ತೀರೋ?” ಎಂದಳು ಹುಲಿಗೆಮ್ಮ.

ಪಂಪಾಪತಿ ಸೊಂಟಕ್ಕೆ ಕೈಯಿಟ್ಟು ನಿಂತು ಟೇಬಲ್ಲನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. “ಮಾವ, ಕುರಿ ಹಿಂಗ ನಿಂತಬಿಟ್ರ ಮುಂದಿನದರ ಕಿವಿ ಹಿಡಿದು ಎಳೀತೀವಿ. ಇದರ ಕಿವಿ ಎಲ್ಲೈತಿ ಹೇಳು.”

ಗಿರಿಜೆ ಆ ಹೊತ್ತಿಗೆ ಇನ್ನೊಂದು ಗಂಟು ಬಿಚ್ಚಿದ್ದಳು, ಜೇಬಿನ ಒಳಗೆ ಹಾಕುವ ನುಣುಪಾದ ಬಿಳಿ ಬಟ್ಟೆ. ಅದಾದರೂ ಆಗಬಹುದೆಂದು ಖಾತ್ರಿ ಯಾರಿಗೂ ಇರಲಿಲ್ಲ, ಬೇರೆ ಏನೂ ಉಳಿದಿರಲಿಲ್ಲ ಅಷ್ಟೆ. ಚಿಂದಿಯನ್ನು ಎಳೆದುಹಾಕಿ ಜೇಬಿನ ಬಟ್ಟೆ ನೂಕಿ ಮತ್ತೆ ಭುಜ ಕೊಟ್ಟೆವು. ಮೊದಲಿಗೆ ಏನೂ ಇಲ್ಲ. ಇನ್ನಷ್ಟು. ಏನೂ ಇಲ್ಲ. ನಾನು ಒಂದು ಕ್ಷಣ ಕಣ್ಣುಮುಚ್ಚಿದೆ, ಕಣ್ಣು ತೆರೆಯುವಷ್ಟರಲ್ಲಿ ನನ್ನ ಮುಂದೆ ಟೇಬಲ್ಲು ಇರಲಿಲ್ಲ. ಅಂದರೆ ಇತ್ತು, ಎರಡು ಮೊಳ ಆಚೆಗಿತ್ತು, ನಾನು ಬೋರಲಾಗಿ ಅದರ ಮೇಲಿದ್ದೆ. ನಿಂತದ್ದನ್ನು ಹೊರಡಿಸಲು ಕೂಡಿಸಿದ್ದ ಬಲ, ಹೊರಟ ಮೇಲೆ ಬೇಕಾದದ್ದಕ್ಕಿಂತ ಹೆಚ್ಚಾಯಿತು, ಆ ಹೆಚ್ಚಿನದು ಟೇಬಲ್ಲಿಗೆ ಓಟ ಕೊಟ್ಟಿತು. ಇದನ್ನು ನಾನು ಆಮೇಲೆ ಯೋಚಿಸಿದ್ದು. ಆಗ ನಾನು ಯೋಚಿಸಿದ್ದು ಕಾಲು ಮುರಿಯಿತು ಎಂದು, ಕೂಗಿದ್ದು ನನ್ನ ಸೀಮೆಯ ಮಾತಿನಲ್ಲಿ: “ನಿಲ್ಸಿ, ನಿಲ್ಸಿ, ಒಸಿ ತಡೀರಿ, ಕಾಲು ನೋಡಾನ!”

ಎಲ್ಲರೂ ನಿಲ್ಲಿಸಿದರು. ಟೇಬಲ್ಲು ಎರಡು ಕೋಣೆಗಳ ನಡುವೆ ಸರಿಯಾಗಿ ಅಡ್ಡಡ್ಡ ನಿಂತಿತು, ನನ್ನ ಪಟ್ಟಿಯಲ್ಲಿ ಬರೆದಿಟ್ಟ ಹಾಗೆ. ಕಾಲು ನೋಡಿದೆವು. ಕಾಲಿಗೆ ಏನೂ ಆಗಿರಲಿಲ್ಲ. ಚೇಳೂ ಇರಲಿಲ್ಲ, ಪ್ಯಾಂಟಿನ ಹಳೆಯ ಗುಂಡಿಯೊಂದು ಮಾತ್ರ ಇತ್ತು. ಆದರೆ ಒಮ್ಮೆ ನಿಂತದ್ದು ನಿಂತಂತೆಯೇ. ಈಗ ಅದನ್ನು ಮತ್ತೆ ಹೊರಡಿಸಬೇಕು, ಅದೇ ದೊಡ್ಡ ಬಲವನ್ನು ಮೊದಲಿನಿಂದ ಕೂಡಿಸಬೇಕು. ಹುಲಿಗೆಮ್ಮ ನೆಲದ ಮೇಲೆ ಕೂತುಬಿಟ್ಟಳು. ಪಂಪಾಪತಿ ನೀರು ಕೇಳಿದ. ನೀರಿನ ಕೊಡ ಅಡುಗೆಮನೆಯಲ್ಲಿತ್ತು, ಅಡುಗೆಮನೆ ಟೇಬಲ್ಲಿನಾಚೆಗಿತ್ತು.

“ಹೊಂಟದ್ದನ್ನ ಯಾಕ ನಿಲ್ಲಸ್ತೀರಿ?” ಎಂದಳು ಗಿರಿಜೆ. ಸಿಟ್ಟಿನಿಂದ ಅಲ್ಲ, ನಿಜವಾಗಿ ತಿಳಿದುಕೊಳ್ಳಬೇಕೆಂದು ಕೇಳಿದ ಹಾಗಿತ್ತು.

 ಇದಕ್ಕೆ ಉತ್ತರ ಹೇಳಹೊರಟರೆ ಅದು ಈ ಟೇಬಲ್ಲಿಗಿಂತ ದೊಡ್ಡದಾಗುತ್ತದೆ. ಸೈಕಲ್ ಕಲಿಯುವಾಗ ಚಕ್ರ ಉರುಳತೊಡಗಿದ ಕ್ಷಣ ಬ್ರೇಕ್ ಹಿಡಿದವನು ನಾನು. ನಮ್ಮ ಮದುವೆಯ ಮಾತು ಪೂರಾ ಕುದುರಿದ ಮೇಲೆ, ಇನ್ನೊಂದು ವಾರ ನೋಡೋಣವೇ ಎಂದು ಹಿರಿಯರನ್ನು ಕೇಳಿದವನು. ನಿಂತಿರುವಾಗ ನನಗೆ ಹೊರಡುವ ಚಿಂತೆ, ಹೊರಟ ಮೇಲೆ ಹೊರಟೆವಲ್ಲ ಎಂಬ ಚಿಂತೆ. ಹೀಗೆ ದಾರಿಯುದ್ದಕ್ಕೂ ನಿಲ್ಲಿಸಿ ನಿಲ್ಲಿಸಿ, ಪ್ರತಿಸಲವೂ ದೊಡ್ಡ ಘರ್ಷಣೆಯನ್ನೇ ಎದುರಿಸಿ, ಬದುಕು ಬಹಳ ಭಾರವೆಂದು ದೂರುವವರ ಪೈಕಿ ನಾನೊಬ್ಬನೇ ಇರಲಾರೆ. ನಿಮ್ಮಲ್ಲೂ ಒಬ್ಬಿಬ್ಬರು ಇರಬಹುದು. ಇದ್ದರೆ ಬನ್ನಿ, ಇಲ್ಲೇ ಟೇಬಲ್ಲಿನ ಅಂಚಿಗೆ ಜಾಗವಿದೆ.

ಎರಡನೆಯ ಸಲ ಹೊರಟ ಟೇಬಲ್ಲನ್ನು ಯಾರೂ ನಿಲ್ಲಿಸಲಿಲ್ಲ. ನಾನು ತುಟಿ ಕಚ್ಚಿಕೊಂಡು ತಳ್ಳಿದೆ. ಕಡಪ ಕಲ್ಲು ಮುಗಿದು ಟೈಲ್ಸ್ ಬಂದ ಕೂಡಲೆ ಅದು ಇನ್ನೂ ಹಗುರವಾಯಿತು, ನಾವು ತಳ್ಳುವವರಿಂದ ಹಿಂಬಾಲಿಸುವವರಾದೆವು. ಕಿಟಕಿಯ ಬಳಿ ಗಿರಿಜೆ ಕೈಯೊಡ್ಡಿ ಮೆಲ್ಲಗೆ ತಡೆದಳು. ವರ್ಷಗಟ್ಟಲೆ ಕತ್ತಲಲ್ಲಿದ್ದ ಬೇವಿನ ಹಲಗೆಯ ಮೇಲೆ ಬಿಸಿಲು ಬಿತ್ತು, ಅದರ ಮೇಲೆ ಮಾವನವರ ಕತ್ತರಿ ಉಳಿಸಿದ ಸಣ್ಣಸಣ್ಣ ಗೀರುಗಳೆಲ್ಲ ಕಂಡವು. ಗಿರಿಜೆ ಒಂದು ಗೀರಿನ ಮೇಲೆ ಬೆರಳಾಡಿಸಿದಳು. 

ಪಂಪಾಪತಿ ಕಾಲುಗಳ ಕೆಳಗಿನ ಬಟ್ಟೆ ತೆಗೆಯಲು ಬಾಗಿದ. ನಾನು ಬೇಡವೆಂದೆ. ಮರದ ಕಾಲು ನೇರವಾಗಿ ಟೈಲ್ಸ್ ಮೇಲೆ ಕೂತರೆ ಕಲೆ ಬೀಳಬಹುದು, ಗೀರಾಗಬಹುದು, ಬಟ್ಟೆ ಇದ್ದರೆ ಟೈಲ್ಸಿಗೆ ರಕ್ಷಣೆ ಎಂದೆ. ಮುಂದಾಲೋಚನೆಯ ಮಾತೆಂದು ಎಲ್ಲರಿಗೂ ಅನ್ನಿಸಿತು. ನನ್ನ ಮಾತಿಗೆ ಆ ದಿನ ಸಿಕ್ಕ ಏಕೈಕ ಒಪ್ಪಿಗೆ ಅದು.

ಕಾಫಿ ಕುಡಿಯುತ್ತ ಹೊರಗೆ ಕಟ್ಟೆಯ ಮೇಲೆ ಕೂತೆವು. ನಮ್ಮ ಓಣಿಯಿಂದ ಕೋಟೆಯ ಗುಡ್ಡ ಕಾಣುತ್ತದೆ. ಗುಡ್ಡದ ಇಳಿಜಾರಿನ ತುಂಬ ದೊಡ್ಡ ದೊಡ್ಡ ಬಂಡೆಗಳು, ಈಗ ಉರುಳುತ್ತೇವೆ ಎನ್ನುವಂತೆ ಅಂಚಿಗೆ ಬಂದು ನಿಂತಿವೆ. ಮದುವೆಯಾದ ಹೊಸತರಲ್ಲಿ ಅವನ್ನು ನೋಡಿ ಮಾವನವರನ್ನು ಕೇಳಿದ್ದೆ, ಇವು ಎಂದಾದರೂ ಉರುಳಿವೆಯೇ ಎಂದು. ನಾನು ಹುಟ್ಟಿದಾಗಿನಿಂದ ಇಲ್ಲ, ಹುಟ್ಟುವ ಮೊದಲಿನದು ನಮ್ಮಪ್ಪ ಹೇಳಲಿಲ್ಲ ಎಂದಿದ್ದರು. ಇಡೀ ಊರು ಆ ಬಂಡೆಗಳ ಕೆಳಗೆ ಬಟ್ಟೆ ಹೊಲಿಯುತ್ತದೆ, ಜಗಳವಾಡುತ್ತದೆ, ಕನ್ನಡದಲ್ಲಿ ಶುರು ಮಾಡಿದ ಮಾತನ್ನು ತೆಲುಗಿನಲ್ಲಿ ಮುಗಿಸುತ್ತದೆ, ನಿದ್ದೆ ಮಾಡುತ್ತದೆ. ಅವನ್ನು ಅಲ್ಲಿ ಹಿಡಿದಿಟ್ಟಿರುವುದೂ ಅದೇ, ನಾನು ಬೆಳಗಿನಿಂದ ಬೈಯುತ್ತಿದ್ದ ಸ್ಥಿರ ಘರ್ಷಣೆಯೇ. ಓಬಳಾಪುರದ ಗಣಿಗಳ ಕಡೆಯ ಕೆಂಪು ಮಣ್ಣಿನ ರಾಶಿ ಕುಸಿಯದೆ ತುದಿ ಎತ್ತಿ ನಿಲ್ಲುವುದು ಅದರಿಂದ, ಕಣದ ಶೇಂಗಾ ರಾಶಿ ನಿಲ್ಲುವುದು ಅದರಿಂದ. ಅಷ್ಟೇಕೆ, ನಾವು ನಡೆಯುವಾಗ ಹಿಂದಕ್ಕೆ ಒತ್ತಿದ ಪಾದ ಜಾರದೆ ನೆಲವನ್ನು ಕಚ್ಚಿ ಹಿಡಿಯುತ್ತದಲ್ಲ, ಅದೂ ಅದೇ. ಅದು ಕೈಬಿಟ್ಟ ಜಾಗದಲ್ಲಿ ನಾವು ಬಾಳೆಹಣ್ಣಿನ ಸಿಪ್ಪೆಯ ಮೇಲಿರುತ್ತೇವೆ. ಸೀರೆಯ ನೆರಿಗೆ ನಿಲ್ಲುವುದು, ದಾರದ ಗಂಟು ನಿಲ್ಲುವುದು, ಹೊಲಿಗೆ ಬಿಚ್ಚದಿರುವುದು ಎಲ್ಲ ಅದರ ದಯೆ. ಮುಂದಕ್ಕೆ ಹೋಗಲೂ ಯಾವುದೋ ಒಂದು ಸರಿಯದೆ ನಿಲ್ಲಬೇಕಾಗುತ್ತದೆ ಎಂಬ ಈ ಮಾತು ಕಾಫಿಯ ಜೊತೆ ಬಹಳ ರುಚಿಸಿತು. ಗಿರಿಜೆಗೂ ನನಗೂ ನಡುವೆಯೂ ಇದೇ ಇರಬೇಕು. ನನ್ನ ‘ಯಾಕೆ’ಗೂ ಅವಳ ‘ಯಾಕ’ಕ್ಕೂ ಮೊದಲ ವರ್ಷಗಳಲ್ಲಿ ಎಷ್ಟೊಂದು ತಿಕ್ಕಾಟ, ಅದು ಸವೆದು ನುಣುಪಾಗಿದೆ, ಆದರೆ ಪೂರ್ತಿ ಸವೆದಿಲ್ಲ, ಪೂರ್ತಿ ಸವೆದರೆ ಒಬ್ಬರ ಮೇಲೊಬ್ಬರು ನಿಲ್ಲುವುದು ಹೇಗೆ? ಇದನ್ನು ಹೇಳಬೇಕೆಂದು ಒಳಗೆ ಹೋದೆ. ಆಕೆ ಬಟ್ಟೆ ಹಾಸುತ್ತಿದ್ದಳು.

ಮಾವನವರು ಉಳಿಸಿಹೋದ ಒಂದು ಪದ್ಧತಿ ಈ ಮನೆಯಲ್ಲಿದೆ. ಟೇಬಲ್ಲು ಜಾಗ ಬದಲಿಸಿದರೆ, ಅಥವಾ ಕತ್ತರಿಗೆ ಸಾಣೆ ಹಿಡಿಸಿದರೆ, ಮೊದಲ ಬಟ್ಟೆ ಮನೆಯವರದಾಗಬೇಕು, ಮಾರುವ ಬಟ್ಟೆ ಆಮೇಲೆ. ಮನೆಯವರದು ಕೆಟ್ಟರೆ ಮನೆಯೊಳಗೇ ಉಳಿಯುತ್ತದೆ ಎಂದು ಅವರು ಹೇಳುತ್ತಿದ್ದರಂತೆ. ಹಾಗಾಗಿ ಆ ದಿನದ ಪ್ಯಾಂಟಿನ ಅಳತೆ ನನ್ನದು. ಗಿರಿಜೆ ಒಂದೇ ಪದರ ಬಟ್ಟೆ ಹಾಸಿ, ಅಪ್ಪನ ಮರದ ಪಟ್ಟಿ ಇಟ್ಟು, ಬಿಳಿ ಗೆರೆ ಎಳೆದಳು. ಬಿಸಿಲಿನಲ್ಲಿ ಗೆರೆ ಎದ್ದು ಕಂಡಿತು. ಹುಲಿಗೆಮ್ಮ, ಪಂಪಾಪತಿ, ನಾನು ಸುತ್ತ ನಿಂತೆವು. ಯಾರೂ ಹೇಳದಿದ್ದರೂ ಎಲ್ಲರಿಗೂ ಗೊತ್ತಿತ್ತು, ಇವತ್ತು ಈ ಕೈ ನಡೆದರೆ ನಾಳೆ ಥಾನು ಬಿಚ್ಚುತ್ತಾರೆ, ನಡೆಯದಿದ್ದರೆ ವ್ಯಾಪಾರಿಗೆ ಫೋನು ಹೋಗುತ್ತದೆ. ದೊಡ್ಡ ಕತ್ತರಿ ಗೆರೆ ಹಿಡಿದು ಹೊರಟಿತು. ಬಲಗಾಲಿನ ಮುಂಭಾಗ, ಹಿಂಭಾಗ ಎರಡೂ ಒಂದೇ ಓಟದಲ್ಲಿ ಬಂದವು. ಎಡಗಾಲು ಶುರುವಾಯಿತು. ತೊಡೆ ಮುಗಿಯಿತು, ಮಂಡಿ ಮುಗಿಯಿತು, ಪಾದದ ಅಂಚಿಗೆ ತಿರುಗಬೇಕು. ಅಷ್ಟು ದೂರಕ್ಕೆ ಕೈ ಚಾಚಲು ಗಿರಿಜೆ ಟೇಬಲ್ಲಿಗೆ ಸೊಂಟ ಆನಿಸಿ ಬಾಗಿದಳು.

ಟೇಬಲ್ಲು ಸರಕ್ಕನೆ ಮುಂದಕ್ಕೆ ಹೋಯಿತು. ಕತ್ತರಿ ಗೆರೆ ಬಿಟ್ಟು ಬಟ್ಟೆಯೊಳಕ್ಕೆ ಹೋಯಿತು.

 ನನ್ನ ಪಟ್ಟಿಯ ಹೇಳದ ಸಾಲು ನನ್ನ ಬಾಯಿಯವರೆಗೆ ಬಂದು ನಿಂತಿತ್ತು. ಗಿರಿಜೆ ಬಟ್ಟೆಯನ್ನು ನೋಡಿದಳು, ಕತ್ತರಿಯನ್ನು ನೋಡಿದಳು. ಕತ್ತರಿ ಕೆಳಗಿಟ್ಟಳು. ಇನ್ನು ಆಕೆ ಮೆಷಿನ್ನಿನ ಸ್ಟೂಲಿಗೆ ಹೋಗಿ ಕೂರುತ್ತಾಳೆ, ಇನ್ನು ಎಂದೂ ಏಳುವುದಿಲ್ಲ ಎಂದುಕೊಂಡೆ. ಆಕೆ ಸೆರಗು ಸಿಕ್ಕಿಸಿ, ನೆಲಕ್ಕೆ ಕೈಯೂರಿ, ಟೇಬಲ್ಲಿನ ಕೆಳಗೆ ಬಗ್ಗಿ ನೋಡಿದಳು.

“ಸರಿದಿದ್ದು ಟೇಬಲ್ಲು,” ಎಂದಳು ಅಲ್ಲಿಂದಲೇ. “ನನ್ನ ಕೈ ಸರಿದಿಲ್ಲ.”

ಕಲ್ಲಿನ ಮೇಲೆ ಕದಲಿಸಲು ಹಾಕಿದ ನುಣುಪು ಬಟ್ಟೆ, ಟೈಲ್ಸಿನ ನುಣುಪಿನ ಮೇಲೆ. ನಾನು ರಕ್ಷಣೆಗೆಂದು ಅಲ್ಲೇ ಉಳಿಸಿದ್ದು. ಅಷ್ಟುದ್ದದ ನನ್ನ ಪಟ್ಟಿಯಲ್ಲಿ ಟೇಬಲ್ಲು ಸರಿಯದೆ ಹೋದರೆ ಎಂಬುದಿತ್ತು, ಸರಿಯುವಾಗ ಏನಾದರೂ ಆದರೆ ಎಂಬುದಿತ್ತು; ಸರಿಸಿದ ಟೇಬಲ್ಲು ನಿಲ್ಲದೆ ಹೋದರೆ ಎಂಬ ಸಾಲಿಗೆ ಮಾತ್ರ ಜಾಗ ಇರಲಿಲ್ಲ. ಇಷ್ಟು ವರ್ಷ ಚಿಂತೆಯನ್ನು ವೃತ್ತಿಯಂತೆ ನಡೆಸಿಕೊಂಡು ಬಂದವನಿಗೆ ಇದು ಸಣ್ಣ ಅವಮಾನವಲ್ಲ.

“ಪರವಾಲೇದು ಸಾರ್,” ಎಂದಳು ಹುಲಿಗೆಮ್ಮ, “ಟೈಲ್ಸಿಗೇನೂ ಆಗಿಲ್ಲ.”

ಗಿರಿಜೆ ಟೇಬಲ್ಲಿನಡಿಯಿಂದ ಕೈ ಚಾಚಿ ಚಿಂದಿ ಕೇಳಿದಳು. ಬೆಳಗ್ಗೆ ಕೆಲಸಕ್ಕೆ ಬಾರದೆಂದು ಎಳೆದುಹಾಕಿದ್ದ ಅದೇ ದಪ್ಪ ಜೀನ್ಸ್ ಚಿಂದಿ. ಪಂಪಾಪತಿ ಮತ್ತೆ ಮೂಲೆ ಮೂಲೆಗೆ ಭುಜ ಕೊಟ್ಟ, ಜೇಬಿನ ಬಟ್ಟೆ ಹೊರಬಂತು, ಚಿಂದಿ ಒಳಗೆ ಹೋಯಿತು. ಗಿರಿಜೆ ಎದ್ದು ನಿಂತು ಸೊಂಟದಿಂದ ಟೇಬಲ್ಲನ್ನು ಒಮ್ಮೆ ನೂಕಿದಳು, ಅದು ಕದಲಲಿಲ್ಲ. ನನ್ನನ್ನೂ ನೂಕಲು ಹೇಳಿದಳು, ನನಗೂ ಕದಲಲಿಲ್ಲ. ಆಮೇಲೆ ಮತ್ತೆ ಕತ್ತರಿ ಎತ್ತಿಕೊಂಡು, ಎಲ್ಲಿ ನಿಂತಿತ್ತೋ ಅಲ್ಲಿಂದ ಉಳಿದದ್ದನ್ನು ಕತ್ತರಿಸಿ ಮುಗಿಸಿದಳು. ಅಷ್ಟು ನೇರವಾದ ಅಂಚನ್ನು ನಾನು ಸ್ಕೇಲು ಹಿಡಿದೂ ಎಳೆದವನಲ್ಲ.

ಸೋಮವಾರ ಥಾನುಗಳು ಬಂದವು. ಈಗಲೂ ಬರುತ್ತಿವೆ. ಇದನ್ನು ಬರೆಯುತ್ತಿರುವಾಗ ಮುಂದಿನ ಕೋಣೆಯಿಂದ ಕತ್ತರಿಯ ಕರಕರ ಸದ್ದು ಬರುತ್ತಿದೆ, ನಡುನಡುವೆ ಗಿರಿಜೆ ಹುಲಿಗೆಮ್ಮನಿಗೆ ಏನೋ ಹೇಳಿ ನಗುವುದು ಕೇಳುತ್ತದೆ. ಟೇಬಲ್ಲಿನ ಕಾಲು ಗಟ್ಟಿಯಾಗಿದೆ, ಬೆಣೆಗಳು ಬಿಗಿಯಾಗಿವೆ, ಕಡಪ ಕಲ್ಲು ಬಿರಿದಿಲ್ಲ, ಪಂಪಾಪತಿಯ ಸೊಂಟ ಕುರಿಗಳ ಹಿಂದೆ ನೆಟ್ಟಗೆ ನಡೆಯುತ್ತಿದೆ. ನಡೆದ ತಪ್ಪೆಂದರೆ ಇಷ್ಟೇ: ನಾನು ತೊಟ್ಟುಕೊಂಡಿರುವ ಈ ಪ್ಯಾಂಟಿನ ಎಡಗಾಲು ಬಲಗಾಲಿಗಿಂತ ಒಂದು ಬೆರಳು ಗಿಡ್ಡ. ಬಲಗಾಲನ್ನೂ ಅಷ್ಟೇ ಕಡಿಮೆ ಮಾಡಿದರೆ ಯಾರಿಗೂ ತಿಳಿಯುವುದಿಲ್ಲ ಎಂದು ಗಿರಿಜೆ ಹೇಳಿದಳು. ನಾನೇ ಬೇಡವೆಂದೆ. ಬಲಗಾಲು ಕತ್ತರಿಸುವಾಗ ಒಂದು ಎಳೆ ಹೆಚ್ಚಾಗಿಬಿಟ್ಟರೆ, ಅದಕ್ಕೆ ಸರಿಯಾಗಿ ಎಡಗಾಲು, ಎಡಗಾಲಿಗೆ ಸರಿಯಾಗಿ ಮತ್ತೆ ಬಲಗಾಲು ಎಂದು ಹೋಗುತ್ತ ಹೋಗುತ್ತ, ಕೊನೆಗೆ ಅದು ಚಡ್ಡಿಯಾದರೆ?